ಮೊಣಕೈ ಅಳತೆ

ಹೆಂಗಸರ ಬದುಕಿನಲ್ಲಿ ಎಲ್ಲದಕ್ಕೂ ಒಂದು ಅಳತೆ ಉಂಟು. ರವಿಕೆಗೆ ಅಳತೆ, ಬಳೆಗೆ ಅಳತೆ, ಕಾಲುಂಗುರಕ್ಕೆ ಅಳತೆ. ಬಳೆಗಾರ ಕೈ ಹಿಡಿದು ನೋಡಿಯೇ ‘ಎರಡು ನಾಲ್ಕು’ ಎಂದುಬಿಡುತ್ತಾನೆ. ದರ್ಜಿ ಅರ್ಧ ಇಂಚು ಹೆಚ್ಚುಕಡಿಮೆ ಮಾಡಿದರೆ ನಾವು ಜಗಳಕ್ಕೆ ಹೋಗುತ್ತೇವೆ. ಆದರೆ ದಿನಕ್ಕೆ ನಾಲ್ಕೈದು ಗಂಟೆ ಯಾವುದರ ಮುಂದೆ ನಿಲ್ಲುತ್ತೇವೋ ಆ ಒಲೆಗೆ, ಆ ಅಡುಗೆಕಟ್ಟೆಗೆ ಮಾತ್ರ ನಮ್ಮ ಅಳತೆಯನ್ನು ಯಾರೂ ತೆಗೆದುಕೊಂಡದ್ದಿಲ್ಲ. ಅದು ಇದ್ದ ಕಡೆಗೆ ನಾವು ಬಗ್ಗಬೇಕು, ಇಲ್ಲವೇ ಹಿಗ್ಗಬೇಕು.

ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಅಮ್ಮ ಬಗ್ಗಿದವಳು. ನೆಲದ ಮೇಲಿನ ಮಣ್ಣಿನ ಕೋಡೊಲೆ, ಪಕ್ಕದಲ್ಲಿ ಊದುಕೊಳವೆ, ಕುಕ್ಕರುಗಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಲೇ ಇಪ್ಪತ್ತು ಜನರಿಗೆ ಕಡುಬು ಬೇಯಿಸುತ್ತಿದ್ದಳು. ಹೊಗೆಯ ಬಗ್ಗೆ ಯೋಚನೆ ಮಾಡಿದವರು ಇಲ್ಲದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ಉಪಯೋಗಕ್ಕೆಂದು ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಅಲ್ಲಿನವರು ಮುಂದೆ ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ನಮ್ಮ ಮನೆಗೂ ಬಂತು. ಮೂರು ಪಾತ್ರೆ ಇಡಲು ಮೂರು ಬಾಯಿ, ಹೊಗೆ ಹೊರಗೆ ಹೋಗಲು ಕೊಳವೆ. ಸೌದೆ ಉಳಿಯಿತು, ಅಮ್ಮನ ಕಣ್ಣಿಗೆ ಸುಖ ಸಿಕ್ಕಿತು. ಬೆನ್ನಿನ ಮಾತು ಹಾಗೇ ಉಳಿಯಿತು.

ನನ್ನದು ಹಿಗ್ಗುವ ಪಾಳಿ. 1985ರಲ್ಲಿ ಶಿವಮೊಗ್ಗದಲ್ಲಿ ಮನೆ ಕಟ್ಟಿಸುವಾಗ ಅಡುಗೆಕಟ್ಟೆಯನ್ನು ಎಷ್ಟು ಎತ್ತರ ಇಡಬೇಕೆಂದು ಮೇಸ್ತ್ರಿ ನಮ್ಮವರನ್ನು ಕೇಳಿದ. ನಮ್ಮವರು ಮೇಸ್ತ್ರಿಯನ್ನೇ ಕೇಳಿದರು. ‘ಮಾಮೂಲಿ 34 ಇಂಚು ಸಾರ್, ಎಲ್ಲರ ಮನೇಲೂ ಅಷ್ಟೇ’ ಎಂದ. ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಅದರ ಮೇಲೆ ಗ್ಯಾಸ್ ಒಲೆ, ಒಲೆಯ ಮೇಲೆ ಪಾತ್ರೆ. ಸಾರು ಕುದಿಯಿತೇ ಎಂದು ನೋಡಲು ಅಂದಿನಿಂದ ಇಂದಿನವರೆಗೂ ತುದಿಗಾಲಿನ ಮೇಲೆ ನಿಲ್ಲುತ್ತಿದ್ದೇನೆ. ಭುಜನೋವು ಎಂದು ಡಾಕ್ಟರ ಬಳಿಗೆ ಹೋದರೆ ‘ವಯಸ್ಸಾಯ್ತಲ್ಲಮ್ಮ’ ಎನ್ನುತ್ತಿದ್ದರು. ಮೊದಲ ಸಲ ಹಾಗೆ ಹೇಳಿದಾಗ ನನಗೆ ಮೂವತ್ತೆಂಟು.

ನಮ್ಮವರು 2021ರಲ್ಲಿ ತೀರಿಕೊಂಡರು. 2023ರ ಏಪ್ರಿಲ್‌ನಲ್ಲಿ ಮಗಳು ಬಲವಂತ ಮಾಡಿ ಅಮೆರಿಕಕ್ಕೆ ಕರೆಸಿಕೊಂಡಳು. ಅವಳಿರುವುದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಹತ್ತಿರ. ಅಗೆದ ಕಡೆಯಲ್ಲೆಲ್ಲ ಕೆಂಪು ಮಣ್ಣು. ನೋಡಿದರೆ ಮಲೆನಾಡು ನೆನಪಾಗಬೇಕು. ಮನೆಯೊಳಗಿನ ಅಡುಗೆಕಟ್ಟೆ ಮಾತ್ರ 36 ಇಂಚು. ಆ ದೇಶದಲ್ಲಿ ಅದೇ ಮಾಮೂಲಿ. ರೊಟ್ಟಿ ಲಟ್ಟಿಸಲು ನಿಂತರೆ ಭುಜ ಕಿವಿಯನ್ನು ಮುಟ್ಟುತ್ತಿತ್ತು. ಊಟದ ಮೇಜಿನ ಮೇಲೆ ಲಟ್ಟಿಸಿದರೆ ಅಲ್ಲಿಂದ ಒಲೆಗೆ ಹದಿನೈದು ಹೆಜ್ಜೆ. ಹೊತ್ತುಕೊಂಡು ಹೋಗುವಷ್ಟರಲ್ಲಿ ರೊಟ್ಟಿಯ ಅಂಚು ಒಣಗುತ್ತಿತ್ತು. ‘ನೀನು ಕೂತ್ಕೋ ಅಮ್ಮ, ಆರಾಮಾಗಿರು’ ಎನ್ನುತ್ತಿದ್ದಳು ಮಗಳು. ಆರಾಮವಾಗಿ ಕೂತಿರುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತೇ ಇದೆ. ನೆಂಟರ ಮನೆಯಲ್ಲಾದರೆ ನಾಲ್ಕು ದಿನ ಕೂರಬಹುದು. ಮಗಳ ಮನೆಯಲ್ಲಿ ಆರು ತಿಂಗಳು?

ಇಂಥ ಹೊತ್ತಿನಲ್ಲಿ ಮನೆಗೆ ಒಂದು ಮೊಟ್ಟೆ ಬಂತು. ಬೇರೆ ಊರಿಗೆ ಹೊರಟಿದ್ದ ನೆರೆಯವರಿಂದ ಅಳಿಯಂದಿರು ಕೊಂಡುಕೊಂಡ ಪಿಂಗಾಣಿಯ ಇದ್ದಿಲು ಒಲೆ. ಹಸಿರು ಬಣ್ಣ, ಥೇಟ್ ಮೊಟ್ಟೆಯದೇ ಆಕಾರ, ತೂಕ ಸುಮಾರು 73 ಕಿಲೋ. ‘ಬಿಗ್ ಗ್ರೀನ್ ಎಗ್’ ಎಂದೇ ಅದರ ಹೆಸರು. ಅದನ್ನು ಮಾಡುವ ಕಂಪೆನಿ ಹುಟ್ಟಿದ್ದು ಅಟ್ಲಾಂಟಾದಲ್ಲೇ, ಅದೂ 1974ರಲ್ಲಿ. ನಮ್ಮಲ್ಲಿ ಹೊಗೆ ಕಡಿಮೆ ಮಾಡಲು ವಿಜ್ಞಾನಿಗಳು ಕೂತ ವರ್ಷವೇ ಅಲ್ಲಿ ಹಿತ್ತಿಲಿನಲ್ಲಿ ಹೊಗೆ ಎಬ್ಬಿಸುವ ವ್ಯಾಪಾರ ಶುರುವಾಗಿತ್ತು ಎಂದು ಮಗಳ ಹತ್ತಿರ ನಗೆಯಾಡಿದೆ. ಇದರ ಮೂಲ ಜಪಾನಿನದು. ಅಲ್ಲಿ ಅನ್ನ ಮಾಡಲು ಬಳಸುತ್ತಿದ್ದ, ಗುಮ್ಮಟದಂಥ ಮುಚ್ಚಳದ ಮಣ್ಣಿನ ಒಲೆಯನ್ನು ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಮೆಚ್ಚಿ ತಮ್ಮ ದೇಶಕ್ಕೆ ತಂದರಂತೆ. ಇಂಥ ಒಲೆಗಳಿಗೆ ಈಗಲೂ ‘ಕಮಾಡೊ’ ಎಂಬ ಹೆಸರಿದೆ. ಜಪಾನಿ ಭಾಷೆಯಲ್ಲಿ ಹಾಗೆಂದರೆ ಒಲೆ ಎಂದೇ ಅರ್ಥ. ಬಾಣಂತಿ ಕೋಣೆಯ ನಮ್ಮ ಅಗ್ಗಿಷ್ಟಿಕೆಗೆ ದಪ್ಪ ಗೋಡೆ ಕಟ್ಟಿ, ಟೋಪಿ ಹಾಕಿದರೆ ಹೇಗೋ ಹಾಗೆ.

ಅದರ ಕೆಲಸ ಬಹಳ ಜಾಣತನದ್ದು. ಕೆಳಗೊಂದು ಗಾಳಿಬಾಯಿ, ಮೇಲೊಂದು ಗಾಳಿಬಾಯಿ. ಎರಡನ್ನೂ ತೆರೆದರೆ ಉರಿ ಏರುತ್ತದೆ, ಕಿರಿದು ಮಾಡಿದರೆ ಗಂಟೆಗಟ್ಟಲೆ ಸಣ್ಣ ಕಾವಿನಲ್ಲೇ ಬೇಯುತ್ತದೆ. ದಪ್ಪ ಪಿಂಗಾಣಿ ಕಾವನ್ನು ಹಿಡಿದಿಟ್ಟುಕೊಳ್ಳುವುದರಿಂದ ಇದ್ದಿಲು ಹೆಚ್ಚು ಬೇಡ. ಅಡುಗೆ ಮುಗಿದ ಮೇಲೆ ಎರಡೂ ಬಾಯಿ ಮುಚ್ಚಿದರೆ ಕೆಂಡ ತಾನಾಗಿ ಆರಿ, ಉಳಿದ ಇದ್ದಿಲು ನಾಳೆಗೆ ಆಗುತ್ತದೆ. ಅಮ್ಮನೂ ಇದನ್ನೇ ಮಾಡುತ್ತಿದ್ದಳು. ಕೆಂಡವನ್ನು ಮಡಕೆಗೆ ತುಂಬಿ ಬಾಯಿ ಮುಚ್ಚಿ ಇದ್ದಿಲು ಮಾಡಿಟ್ಟುಕೊಳ್ಳುತ್ತಿದ್ದಳು.

ಮೊಟ್ಟೆಗೆ ಕಾಲಿಲ್ಲ. ನೆಲದ ಮೇಲಿಟ್ಟರೆ ಮತ್ತೆ ಬಗ್ಗುವ ಕಥೆ. ಹಾಗಾಗಿ ಅದಕ್ಕೊಂದು ಮರದ ಮೇಜು ಬೇಕಾಯಿತು. ‘ನಾನೇ ಮಾಡ್ತೀನಿ’ ಎಂದಳು ಮಗಳು. ನನಗೆ ಆಶ್ಚರ್ಯ. ನಮ್ಮ ಮನೆಗಳಲ್ಲಿ ಆಚಾರಿ ಕೆಲಸಕ್ಕೆ ಬಂದರೆ ಹೆಂಗಸರ ಪಾಲಿಗೆ ಬರುವುದು ಎರಡೇ: ಹತ್ತು ಗಂಟೆಗೆ ಕಾಫಿ ಕೊಡುವುದು, ಐದು ಗಂಟೆಗೆ ಮರದ ಹೊಟ್ಟು ಗುಡಿಸುವುದು. ಇವಳು ಕಾರು ನಿಲ್ಲಿಸುವ ಕೋಣೆಯಲ್ಲಿ ಗರಗಸ, ಡ್ರಿಲ್ಲು, ರಸಮಟ್ಟ ಎಲ್ಲ ಜೋಡಿಸಿಟ್ಟುಕೊಂಡು, ಕಣ್ಣಿಗೆ ಕನ್ನಡಕ ಏರಿಸಿ ನಿಂತಳು. ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನ್ನ ಮಗಳೇ ಇವಳು ಎಂದು ಎರಡು ಸಲ ನೋಡಿದೆ.

ಮರದ ಅಂಗಡಿಗೆ ನಾನೂ ಹೋದೆ. ಸೀರೆ ಅಂಗಡಿಯಷ್ಟು ದೊಡ್ಡದಲ್ಲ ಎಂದುಕೊಳ್ಳಬೇಡಿ, ಹತ್ತು ಸೀರೆ ಅಂಗಡಿ ಅದರೊಳಗೆ ಹಿಡಿಯುತ್ತವೆ. ಅಲ್ಲಿ ‘ಎರಡು ನಾಲ್ಕು’ ಎಂದು ಮಾರುವ ಮರದ ನಿಜವಾದ ಅಳತೆ ಒಂದೂವರೆ ಇಂಚು, ಮೂರೂವರೆ ಇಂಚು. ಒಣಗಿಸಿ, ಕೀಸಿ ನಯ ಮಾಡುವಾಗ ಕಳೆದದ್ದು ಕೊಳ್ಳುವವರ ಲೆಕ್ಕಕ್ಕೆ. ಹೊರಗಿಡುವ ಮೇಜಿಗೆ ಔಷಧಿ ಏರಿಸಿದ ಪೈನ್ ಮರ ಅಗ್ಗ. ಆದರೆ ಅದರ ಹೊಟ್ಟು ಮೂಗಿಗೆ ಹೋಗಬಾರದು, ಚೂರನ್ನು ಒಲೆಗೆ ಹಾಕಬಾರದು. ತಿನ್ನುವ ಪದಾರ್ಥ ಇಡುವ ಜಾಗವೆಂದು ಮಗಳು ಕೆಂಪು ಸೀಡರನ್ನೇ ಆರಿಸಿದಳು. ಹೆಸರಿಗೆ ಸೀಡರ್ ಆದರೂ ನಮ್ಮ ಹಿಮಾಲಯದ ದೇವದಾರುವಿನ ಕುಲದ್ದಲ್ಲ. ಹಗುರ, ಘಮಘಮ ವಾಸನೆ, ಮಳೆಗೆ ಬೇಗ ಕೊಳೆಯುವುದಿಲ್ಲ.

ಮರ ಬಂತು, ನಕ್ಷೆ ಬಂತು. ಆಮೇಲೆ ಬಂದದ್ದು ಎತ್ತರದ ಪ್ರಶ್ನೆ.

ಅಳಿಯಂದಿರು ಆರಡಿ ಎತ್ತರ. ಮಗಳು ಐದು ಅಡಿ ಮೂರು ಇಂಚು. ಮಗಳು ಒಂದು ದಿನ ಟೇಪು ಹಿಡಿದುಕೊಂಡು ಬಂದು ‘ಅಮ್ಮ, ನೆಟ್ಟಗೆ ನಿಂತ್ಕೋ, ಮೊಣಕೈ ಮಡಚು’ ಎಂದಳು. ನೆಲದಿಂದ ಮೊಣಕೈಗೆ ಅಳೆದಳು. ಸರಿಯಾಗಿ 36 ಇಂಚು. ನಿಂತು ಕೆಲಸ ಮಾಡುವ ಕಟ್ಟೆ ಮೊಣಕೈಗಿಂತ ನಾಲ್ಕು ಇಂಚಾದರೂ ಕೆಳಗಿರಬೇಕು. ಲಟ್ಟಿಸುವುದು, ನಾದುವುದು ಮುಂತಾದ ಮೈಭಾರ ಹಾಕುವ ಕೆಲಸಕ್ಕೆ ಆರು ಇಂಚು ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿವರಿಸಿದಳು. ಅವಳ ಅಡುಗೆಮನೆಯ ಕಟ್ಟೆ ನನ್ನ ಮೊಣಕೈಗೆ ಸಮ. ನನ್ನ ಭುಜದ ನೋವಿಗೆ ಅಷ್ಟು ವರ್ಷಗಳ ನಂತರ ವಯಸ್ಸಲ್ಲದ ಬೇರೊಂದು ಕಾರಣ ಸಿಕ್ಕಿದ್ದು ಆ ಗಳಿಗೆಯಲ್ಲಿ.

ಇದೇನು ಹೊಸ ವಿಷಯವಲ್ಲವಂತೆ. ಲಿಲಿಯನ್ ಗಿಲ್‌ಬ್ರೆತ್ ಎಂಬ ಅಮೆರಿಕದ ಎಂಜಿನಿಯರ್, ಒಂದು ಡಜನ್ ಮಕ್ಕಳ ತಾಯಿ, 1920ರ ದಶಕದ ಕೊನೆಯಲ್ಲೇ ಅಡುಗೆಮನೆಯ ಕೆಲಸವನ್ನು ಹೆಜ್ಜೆ ಎಣಿಸಿ ಅಧ್ಯಯನ ಮಾಡಿ, ಕಟ್ಟೆಯ ಎತ್ತರ ಅಲ್ಲಿ ದುಡಿಯುವವಳ ಎತ್ತರಕ್ಕೆ ಹೊಂದಬೇಕು ಎಂದು ಹೇಳಿದ್ದರು. ಆದರೂ ಆ ದೇಶದಲ್ಲಿ ಕೊನೆಗೆ ನಿಂತದ್ದು ಎಲ್ಲರಿಗೂ ಒಂದೇ 36 ಇಂಚು. ಅಲ್ಲಿಯೂ ಮೇಸ್ತ್ರಿಯದೇ ಮಾತು ನಡೆಯಿತು ಎನ್ನಿ.

ಮೇಜನ್ನು 32 ಇಂಚಿಗೆ ಮಾಡೋಣ ಎಂದು ಮಗಳು ಹಟ ಹಿಡಿದಳು. ‘ಎತ್ತರದವರು ಸ್ವಲ್ಪ ಬಗ್ಗಬಹುದು, ಕುಳ್ಳಗಿರುವವರು ಹಿಗ್ಗೋಕಾಗಲ್ಲ’ ಎಂಬುದು ಅವಳ ವಾದ. ಆ ಸಂಜೆ ನಾನು ಚಹಾ ತೆಗೆದುಕೊಂಡು ಹೋದಾಗ ಅಳಿಯಂದಿರ ಮಾತು ಕಿವಿಗೆ ಬಿತ್ತು. ‘ಅತ್ತೆ ಇರೋದು ಆರು ತಿಂಗಳು. ನಾನು ವರ್ಷವಿಡೀ ಬಗ್ಗಬೇಕಲ್ಲ.’

ನನ್ನನ್ನು ಕಂಡು ಅವರ ಮುಖ ಸಣ್ಣಗಾಯಿತು. ‘ಹಾಗಲ್ಲ ಅತ್ತೆ...’ ಎಂದರು.

‘ಇರಲಿ ಬಿಡಿ, ನೀವು ಹಾಕಿದ ಲೆಕ್ಕ ಸರಿಯಾಗೇ ಇದೆ’ ಎಂದು ಚಹಾ ಕೊಟ್ಟು ಬಂದೆ.

ಲೆಕ್ಕ ಸರಿಯಾಗಿದ್ದರೂ ಚುಚ್ಚುವುದುಂಟು. ರಾತ್ರಿ ನಿದ್ದೆ ಬರಲಿಲ್ಲ. ಅಳಿಯಂದಿರ ಮಾತಿಗಿಂತ ಮಗಳ ಹಟವೇ ಹೆಚ್ಚು ಕಾಡಿತು. ನಮ್ಮವರು ಹೋದಾಗಿನಿಂದ ಅವಳು ಒಂದು ಮಾತನ್ನು ಬಾಯಿಯ ತುದಿಯಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದಳು: ಅಮ್ಮ, ಇಲ್ಲೇ ಇದ್ದುಬಿಡು. ಅರ್ಜಿ, ಕಾಗದಪತ್ರ ಎಲ್ಲ ವಿಚಾರಿಸಿಟ್ಟಿದ್ದಾಳೆಂದು ನನಗೆ ಗೊತ್ತಿತ್ತು. ಕೇಳಿದರೆ ನಾನು ಬೇಡ ಎಂದೇನು ಎಂಬ ಹೆದರಿಕೆಯಿಂದ ಕೇಳಿರಲಿಲ್ಲ. ಕೇಳಿಯಾಳು ಎಂಬ ಹೆದರಿಕೆಯಿಂದ ನಾನೂ ಆ ಮಾತಿಗೆ ಎಡೆ ಕೊಟ್ಟಿರಲಿಲ್ಲ. ಈಗ ಅದು ಮೇಜಿನ ಎತ್ತರವಾಗಿ ಮನೆಯ ನಡುವೆ ಬಂದು ನಿಂತಿತ್ತು. 32 ಇಂಚಿಗೆ ಒಪ್ಪಿದರೆ ನಾನು ಆ ಮನೆಯವಳು. 36 ಎಂದರೆ ಬಂದುಹೋಗುವವಳು.

ಬೆಳಿಗ್ಗೆ ಮಗಳು ಪೆನ್ಸಿಲ್ ಹಿಡಿದು ‘ನೀನೇ ಹೇಳಮ್ಮ, ಎಷ್ಟಿರಲಿ?’ ಎಂದಳು.

‘ಮೇಜು 36 ಇರಲಿ’ ಎಂದೆ. ಅವಳ ಕಣ್ಣು ಕೆಳಗಾಯಿತು. ‘ಅದರ ಪಕ್ಕಕ್ಕೆ ನನಗೊಂದು ರೆಕ್ಕೆ ಮಾಡಿಕೊಡು. 30 ಇಂಚಿಗೆ. ಬಿಜಾಗರಿ ಹಾಕಿ ಮಡಚೋ ಹಾಗಿರಲಿ. ನಾನು ಬಂದಾಗ ಎತ್ತಿ ನಿಲ್ಲಿಸು, ಹೋದಾಗ ಇಳಿಬಿಡು. ಶಿವಮೊಗ್ಗದಲ್ಲಿ ನನ್ನ ಮನೆ ಇದೆ, ಹಿತ್ತಲಲ್ಲಿ ಎರಡು ತೆಂಗಿನ ಮರ ಇವೆ, ಬೀದಿಯವರೆಲ್ಲ ಹೆಸರು ಹಿಡಿದು ಕೂಗ್ತಾರೆ. ಅದನ್ನು ಬಿಡೋಕಾಗಲ್ಲ. ನಿನ್ನನ್ನೂ ಬಿಡೋಕಾಗಲ್ಲ. ಬರ್ತಾ ಹೋಗ್ತಾ ಇರ್ತೀನಿ.’

ಅವಳು ಏನೂ ಹೇಳಲಿಲ್ಲ. ಆ ದಿನವೆಲ್ಲ ಸ್ಯಾಂಡ್ ಪೇಪರ್ ಹಿಡಿದು ಒಂದೇ ಹಲಗೆಯನ್ನು ಉಜ್ಜುತ್ತಿದ್ದಳು. ಅಷ್ಟು ನಯದ ಅಗತ್ಯ ಆ ಹಲಗೆಗೆ ಇರಲಿಲ್ಲ. ಮಾರನೆಯ ದಿನ ಹೋಗಿ ನೋಡಿದರೆ ನಕ್ಷೆಯಲ್ಲಿ ರೆಕ್ಕೆ ಮೂಡಿತ್ತು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ಪಕ್ಕದಲ್ಲಿ ಕನ್ನಡದಲ್ಲಿ ‘ಅಮ್ಮ’ ಎಂದು ಬರೆದಿದ್ದಳು.

ಆಮೇಲೆ ನಾನು ಕಾಫಿ ಕೊಡುವವಳಾಗಿ ಉಳಿಯಲಿಲ್ಲ. ಮೊಟ್ಟೆಯನ್ನು ಇಳಿಸಲು ಮೇಜಿನ ಮೇಲ್ಮೈಯಲ್ಲಿ ದೊಡ್ಡ ವೃತ್ತ ಕೊರೆಯಬೇಕಿತ್ತು. ರಂಗೋಲಿಯಲ್ಲಿ ದೊಡ್ಡ ತೇರು ಬರೆದವರಿಗೆ ವೃತ್ತ ಹೇಳಿಕೊಡಬೇಕೇ? ನಡುವೆ ಮೊಳೆ ಹೊಡೆದೆ. ದಾರ ಎಳೆದರೆ ಹಿಗ್ಗುತ್ತದೆಂದು ತೆಳುವಾದ ಮರದ ಪಟ್ಟಿಗೆ ಎರಡು ತೂತು ಮಾಡಿ, ಒಂದನ್ನು ಮೊಳೆಗೆ ಸಿಕ್ಕಿಸಿ, ಇನ್ನೊಂದರಲ್ಲಿ ಪೆನ್ಸಿಲ್ ಇಟ್ಟು ತಿರುಗಿಸಿದೆ. ಒಲೆಯ ಮೈ ಮರಕ್ಕೆ ತಾಗದಂತೆ ಸುತ್ತಲೂ ಗಾಳಿಯಾಡಲು ಜಾಗ ಬಿಟ್ಟೆವು. ಮರ ದಿನವೂ ಕಾದರೆ ನಿಧಾನವಾಗಿ ಒಳಗೊಳಗೇ ಕರಕಾಗುತ್ತದಲ್ಲ.

ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಗಾಗಿ ಎರಡು ಹಲಗೆಗಳ ನಡುವೆ ಸಣ್ಣ ಸಂದು ಬಿಡಬೇಕು. ಸಂದಿಗೆ ಅಳತೆಯಾಗಿ ಇಡಲು ಏನಾದರೂ ಬೇಕೆಂದು ಮಗಳು ಹುಡುಕುತ್ತಿದ್ದಾಗ ನನ್ನ ಪರ್ಸಿನಿಂದ ಒಂದು ರೂಪಾಯಿಯ ನಾಣ್ಯಗಳನ್ನು ತೆಗೆದು ಎರಡೆರಡು ಜೋಡಿಸಿಕೊಟ್ಟೆ. ಹೆಚ್ಚುಕಡಿಮೆ ಮೂರು ಮಿಲಿಮೀಟರ್. ಅಮೆರಿಕದಲ್ಲಿ ನನ್ನ ರೂಪಾಯಿ ಚಲಾವಣೆಯಾದದ್ದು ಅದೊಂದೇ ಕಡೆ.

ಸೀಡರಿಗೆ ಮಾಮೂಲಿ ಕಬ್ಬಿಣದ ಸ್ಕ್ರೂ ಹಾಕಿದರೆ ಸುತ್ತ ಕಪ್ಪು ಕಲೆ ಏಳುತ್ತದೆ, ಸ್ಟೀಲಿನದೇ ಬೇಕು. ಇದು ನಮಗೆ ಹೊಸದಲ್ಲ. ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಗೆ ಹಾಕಿದರೆ ಕಪ್ಪಾಗುತ್ತದಲ್ಲ, ಅದೇ ಒಗರಿನ ಗುಣ. ಮೇಜಿನ ಚೌಕಟ್ಟು ಮೂಲೆಗೆ ಸರಿಯಾಗಿದೆಯೇ ಎಂದು ನೋಡಲು ಕರ್ಣಕ್ಕೆ ಕರ್ಣ ಅಳೆದೆವು. ಎರಡೂ ಒಂದೇ ಬಂದರೆ ಮೂಲೆ ಸರಿ. ಕೆಳಗಿನ ಅಡ್ಡಹಲಗೆಯ ಮೇಲೆ ದಪ್ಪನೆಯ ಕಾಂಕ್ರೀಟು ಚಪ್ಪಡಿ ಇಟ್ಟು, ಅದರ ಮೇಲೆ ಒಲೆ ಕೂರುವಂತೆ ಮಾಡಿದೆವು. ಪಿಂಗಾಣಿಯನ್ನು ನೇರವಾಗಿ ಮರದ ಮೇಲೆ ಇಡಬಾರದು. ಕೊನೆಗೆ ಎಣ್ಣೆ ಸವರಿ ಎರಡು ದಿನ ಒಣಗಿಸಿದೆವು.

ಮೊಟ್ಟೆಯನ್ನು ಎತ್ತಿಡುವ ದಿನ ಒಳಗಿನ ಭಾಗಗಳನ್ನೆಲ್ಲ ತೆಗೆದು ಹಗುರ ಮಾಡಿದರು. ಮುಚ್ಚಳದ ಕೀಲು ಹಿಡಿದು ಎತ್ತಬಾರದೆಂದು ಮಗಳು ಕೂಗುತ್ತಲೇ ಇದ್ದಳು. ಅಳಿಯಂದಿರೂ ಅವರ ಸ್ನೇಹಿತರೂ ಉಸಿರು ಬಿಗಿಹಿಡಿದು ಎತ್ತಿ, ನಾನು ಬರೆದ ವೃತ್ತದೊಳಗೆ ಇಳಿಸಿದರು. ಸುತ್ತಲೂ ಒಂದೇ ಸಮ ಸಂದು. ಮಗಳು ನನ್ನ ಕಡೆ ನೋಡಿದಳು.

ಮೊದಲ ಬೆಂಕಿಗೆ ಅಕ್ಕಿ ರೊಟ್ಟಿಯೇ ಆಗಲಿ ಎಂದೆ. ಕುದಿಯುವ ನೀರಿಗೆ ಉಪ್ಪು, ಅಕ್ಕಿಹಿಟ್ಟು ಹಾಕಿ ಉಕ್ಕರಿಸಿ, ಬಿಸಿಯಿರುವಾಗಲೇ ನಾದಿ, ರೆಕ್ಕೆಯ ಮುಂದೆ ನಿಂತೆ. ಮೊದಲ ಉಂಡೆಯ ಮೇಲೆ ಲಟ್ಟಣಿಗೆ ಇಟ್ಟು ಒತ್ತಿದಾಗ ಭುಜ ಮೇಲೇಳಲಿಲ್ಲ. ತೋಳು ತಾನಾಗಿ ಕೆಳಕ್ಕೆ ಹೋಯಿತು. ಅರವತ್ತೆಂಟನೆಯ ವಯಸ್ಸಿನಲ್ಲಿ ರೊಟ್ಟಿ ಲಟ್ಟಿಸುವುದು ಇಷ್ಟು ಹಗುರ ಎಂದು ತಿಳಿಯಿತು.

ಒಲೆಯ ಬಾಯಿ ನನಗೆ ಎತ್ತರ. ಹಾಗಾಗಿ ಬೇಯಿಸುವ ಕೆಲಸ ಅಳಿಯಂದಿರಿಗೆ ಬಂತು. ಕಾವು ಏರಿದಾಗ ಮುಚ್ಚಳವನ್ನು ಒಮ್ಮೆಲೇ ತೆರೆದರೆ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೆ ಬರುತ್ತದೆ. ಅವರು ಮೊದಲು ಒಂದಿಷ್ಟೇ ಎತ್ತಿ, ತಡೆದು, ಆಮೇಲೆ ಪೂರ್ತಿ ತೆರೆದರು. ನಾನು ಲಟ್ಟಿಸಿಕೊಟ್ಟೆ, ಅವರು ಕಾವಲಿಯ ಮೇಲೆ ಎರಡು ಕಡೆ ಬೇಯಿಸಿ, ಜಾಲರಿಯ ಮೇಲೆ ನೇರ ಕೆಂಡದ ಕಾವಿಗೆ ಬಿಟ್ಟರು. ರೊಟ್ಟಿ ಉಬ್ಬಿ ಚೆಂಡಾಯಿತು. ‘ಅತ್ತೆ, ನೋಡಿ ನೋಡಿ!’ ಎಂದು ಆರಡಿಯ ಮನುಷ್ಯ ಚಿಕ್ಕ ಹುಡುಗನ ಹಾಗೆ ಕೂಗಿದರು. ಇಪ್ಪತ್ತೆರಡು ರೊಟ್ಟಿ ಮಾಡಿದೆವು. ನನ್ನ ಸಂಸಾರದಲ್ಲಿ ನಾನು ಲಟ್ಟಿಸಿದ ರೊಟ್ಟಿಯನ್ನು ಗಂಡಸೊಬ್ಬರು ನಿಂತು ಬೇಯಿಸಿದ್ದು ಅದೇ ಮೊದಲು. ನಮ್ಮವರಿಗೆ ಮನಸ್ಸಿರಲಿಲ್ಲ ಎಂದಲ್ಲ. ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಲ್ಲಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅಕ್ಟೋಬರಿನಲ್ಲಿ ಹೊರಡುವ ಹಿಂದಿನ ದಿನ ರೆಕ್ಕೆಯನ್ನು ಒರೆಸಿ ನಾನೇ ಇಳಿಬಿಟ್ಟೆ. ಬಿಜಾಗರಿ ಸದ್ದು ಮಾಡಲಿಲ್ಲ. ಮಗಳು ಚೆನ್ನಾಗಿ ಎಣ್ಣೆ ಹಾಕಿದ್ದಳು. ಕಾಗದಪತ್ರದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ‘ಮುಂದಿನ ಸಲ ಯಾವ ತಿಂಗಳಲ್ಲಿ ಬರ್ತೀಯಾ?’ ಎಂದಷ್ಟೇ ಕೇಳಿದಳು.

ಊರಿಗೆ ಬಂದು ನನ್ನ ಅಡುಗೆಮನೆಯಲ್ಲಿ ನಿಂತೆ. ಅದೇ ಕಡಪ ಕಲ್ಲು, ಅದೇ 34 ಇಂಚು. ಕಲ್ಲನ್ನು ಈಗ ಇಳಿಸಲಾಗುವುದಿಲ್ಲ. ಆದರೆ ಅಟ್ಟದ ಮೇಲೆ ತವರಿನಿಂದ ಬಂದ ಎರಡು ಹಲಸಿನ ಹಲಗೆಗಳು ಎಷ್ಟೋ ವರ್ಷದಿಂದ ಬಿದ್ದಿದ್ದವು. ಇಳಿಸಿ, ಧೂಳು ಒರೆಸಿ, ಬೀದಿಯ ಕೊನೆಯ ಆಚಾರಿಯನ್ನು ಕರೆಸಿದೆ. ಲಟ್ಟಿಸಲು, ಹೆಚ್ಚಲು ಕಿಟಕಿಯ ಪಕ್ಕಕ್ಕೆ ಒಂದು ಮೇಜು ಬೇಕು ಎಂದೆ. ಹಲಗೆ ತಟ್ಟಿ ನೋಡಿ ‘ಒಳ್ಳೆ ಮರ’ ಎಂದ. ಜೇಬಿನಿಂದ ಟೇಪು ತೆಗೆದು ಕೇಳಿದ:

‘ಎತ್ತರ ಎಷ್ಟಮ್ಮ? ಮಾಮೂಲಿನಾ?’

ನಾನು ಚಪ್ಪಲಿ ಬಿಟ್ಟು, ನೆಟ್ಟಗೆ ನಿಂತು, ಮೊಣಕೈ ಮಡಚಿದೆ. ‘ಇಲ್ಲಿಂದ ಅಳಿಯಪ್ಪಾ’ ಎಂದೆ.